ಕೂಗದ ಕೋಲು

ಕೇಳುಗರಿಗೆ ನಮಸ್ಕಾರ.

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೆ ಯಾವುದಾದರೂ ಮೇಜಿನ ಮೇಲೆ ದೃಷ್ಟಿಹೀನರಿಗೆಂದು ಮಾಡಿದ ‘ಸ್ಮಾರ್ಟ್’ ಕೋಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪುಟ್ಟ ಕಂಪ್ಯೂಟರಿನಂತೆ ಕೆಲಸ ಮಾಡುವ ಒಂದು ಆರ್ಡುಯಿನೊ ಬೋರ್ಡು, ಜೋಡಿ ಕಣ್ಣುಗಳಂತೆ ಕಾಣುವ ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್. ಎದುರಿಗೆ ಕೈ ಹಿಡಿದರೆ ಕೀಂಯ್ ಎನ್ನುತ್ತದೆ, ಪರೀಕ್ಷಕರು ತಲೆದೂಗುತ್ತಾರೆ.

ಒಳಗಿನ ಲೆಕ್ಕ ಸರಳವಾದದ್ದು. ಸೆನ್ಸರ್ ಹೊರಡಿಸುವ, ನಮಗೆ ಕೇಳಿಸದ ಶಬ್ದ ಅಡ್ಡಿಗೆ ತಾಗಿ ಮರಳುತ್ತದೆ. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹೋಗಿಬಂದ ಸಮಯವನ್ನು ಬೋರ್ಡಿನ ಮೈಕ್ರೊಕಂಟ್ರೋಲರ್ ಚಿಪ್ಪು ಶಬ್ದದ ಈ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಕ್ಕಿತು. ಮೀಟರ್ ಆಚೆಯ ಗೋಡೆಯನ್ನು ಮುಟ್ಟಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು.

ತೊಡಕಿರುವುದು ಬಜರಿನಲ್ಲಿ. ಕಣ್ಣು ಕಾಣದವರು ರಸ್ತೆ ದಾಟುವುದೇ ಕಿವಿಯ ಬಲದಿಂದ. ಯಂತ್ರ ಅದೇ ಕಿವಿಗೆ ಅರಚುತ್ತಿದ್ದರೆ ಹಿಂದಿನಿಂದ ಬರುವ ಬಸ್ಸಿನ ಸದ್ದು ಕೇಳುವುದು ಹೇಗೆ? ಅಲ್ಲದೆ, ಸಂತೆಯಲ್ಲಿ ಎಲ್ಲರೂ ತಿರುಗಿ ನೋಡುವಂತೆ ಕೂಗುವ ಕೋಲನ್ನು ಯಾರು ತಾನೇ ಹಿಡಿದು ನಡೆದಾರು? ಬಳಸುವವರನ್ನು ಒಮ್ಮೆ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ದೆಹಲಿ ಐಐಟಿಯ ಸ್ಮಾರ್ಟ್‌ಕೇನ್ ಕೂಡ 2005ರಲ್ಲಿ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿಯೇ ಶುರುವಾಯಿತು. ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ತಂಡ ಸಕ್ಷಮ್ ಟ್ರಸ್ಟ್ ಎಂಬ ಸೇವಾಸಂಸ್ಥೆಯೊಂದಿಗೆ ಸೇರಿ, ದೃಷ್ಟಿಹೀನರ ಕೈಗೇ ಕೊಟ್ಟು ಅದನ್ನು ತಿದ್ದಿತು. ನೆಲದ ಗುಂಡಿ, ಮೆಟ್ಟಿಲುಗಳನ್ನು ಮಾಮೂಲಿ ಬಿಳಿ ಕೋಲೇ ತಿಳಿಸುತ್ತದೆ. ಬಾಗಿದ ಕೊಂಬೆ, ನಿಂತ ಲಾರಿಯ ಹಿಂಭಾಗ ಅದಕ್ಕೆ ಸಿಗುವುದಿಲ್ಲ. ಹೀಗಾಗಿ ಕೋಲನ್ನು ಹಾಗೆಯೇ ಬಿಟ್ಟು, ಅದರ ಹಿಡಿಗೆ ಒಂದು ಸಾಧನವನ್ನು ಸಿಕ್ಕಿಸಿದರು. ಮೊಣಕಾಲಿನಿಂದ ಮೇಲೆ, 3 ಮೀಟರ್‌ವರೆಗಿನ ಅಡ್ಡಿಗಳನ್ನು ಅದು ಅಂಗೈಗೆ ಕಂಪನದ ಮೂಲಕ ತಿಳಿಸುತ್ತದೆ. ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ತಯಾರಿಸಿದ ಈ ಸಾಧನ ಜನರ ಕೈಸೇರಿದ್ದು 2014ರಲ್ಲಿ. ಅಂದರೆ ಒಂಬತ್ತು ವರ್ಷ! ನಮ್ಮ ಬಹುತೇಕ ಪ್ರಾಜೆಕ್ಟುಗಳ ಆಯುಸ್ಸು ಒಂದು ಸೆಮಿಸ್ಟರ್. ಅಂಕ ಬಂದ ಮೇಲೆ ಬೋರ್ಡನ್ನು ಬಿಚ್ಚಿ ಮುಂದಿನ ತಂಡಕ್ಕೆ ಕೊಡುತ್ತಾರೆ.

ಈ ವರ್ಷ ಇಂಥದ್ದಕ್ಕೆ ಕೈಹಾಕುವ ವಿದ್ಯಾರ್ಥಿಗಳು ಬೆಸುಗೆ ಹಾಕುವ ಮೊದಲು ಹತ್ತಿರದ ಅಂಧರ ಶಾಲೆಗೆ ಹೋಗಿ ಬರಲಿ. ಚಾರ್ಜರಿನ ಪಿನ್ ಎಲ್ಲಿ ಸೇರಬೇಕೆಂದು ಬೆರಳಿಗೆ ಗೊತ್ತಾಗುತ್ತದೆಯೇ ನೋಡಲಿ. ಬ್ಯಾಟರಿ ಮುಗಿಯುತ್ತಿದೆ ಎಂಬುದನ್ನು ಹೇಗೆ ತಿಳಿಸುತ್ತಾರೋ ಅವರೇ ಯೋಚಿಸಲಿ, ಕೆಂಪು ದೀಪವೊಂದು ಬೇಡ.