ಕ್ವಾರ್ಟರ್ಸಿನಿಂದ ಸ್ವಂತ ಮನೆಗೆ: ಮೊದಲು ಕಾಗದ, ಆಮೇಲೆ ಕಲ್ಲು

ಹಿರಿಯರೇ, ಅಕ್ಕಂದಿರೇ, ಅಣ್ಣತಮ್ಮಂದಿರೇ,

ಮನೆಯಿಲ್ಲದವರಿಗೆ ಮನೆ ಕೊಡುವ ಕೇರಳ ಸರ್ಕಾರದ ಯೋಜನೆಯಾದ ಲೈಫ್ ಮಿಷನ್ ಪಟ್ಟಿ ಎಂದ ಕೂಡಲೇ ಇಲ್ಲಿ ಅರ್ಧಕ್ಕರ್ಧ ಜನ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಹಾಗಾಗಿ ಅದೇನೆಂದು ಮೊದಲಿನಿಂದ ವಿವರಿಸುತ್ತ ಕೂರುವುದಿಲ್ಲ. ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಎಲ್ಲೇ ಹೋಗಿ, ಕ್ವಾರ್ಟರ್ಸು ಎಂದು ಕರೆಯುವ ಬಾಡಿಗೆ ಕೋಣೆಗಳ ಸಾಲಿನಲ್ಲಿ ವರ್ಷಗಟ್ಟಲೆ ಬಾಡಿಗೆ ಕಟ್ಟುತ್ತ ಬಂದ ಮೊಗೇರ, ಬಾಕುಡ, ಮರಾಟಿ, ಮೊಗವೀರ ಕುಟುಂಬಗಳು ಸಿಗುತ್ತವೆ. ಅವರಲ್ಲಿ ಬಹಳ ಮಂದಿಗೆ ಸರ್ಕಾರದ ಒಂದಲ್ಲ ಒಂದು ಯೋಜನೆಯಲ್ಲಿ ಹಕ್ಕಿದೆ. ಆದರೂ ಮನೆ ಆಗಿಲ್ಲ. ದುಡ್ಡಿಲ್ಲದ್ದಕ್ಕೆ ಎಂದು ನಾವು ಹೇಳಿ ಮುಗಿಸುತ್ತೇವೆ. ದುಡ್ಡಿಗಿಂತ ಮೊದಲು ಕೈಕೊಡುವುದು ಕಾಗದ, ಅದರಲ್ಲೂ ನಮಗೆ ಓದಲು ಬಾರದ ಲಿಪಿಯ ಕಾಗದ. ಮೊದಲು ಕಾಗದ, ಆಮೇಲೆ ಕಲ್ಲು. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ.

ಈ ಕ್ವಾರ್ಟರ್ಸಿನ ಸಾಲು ಹುಟ್ಟಿದ್ದು ಹೇಗೆ? 1970ರ ಜನವರಿ 1ರಂದು ಭೂಸುಧಾರಣೆ ಜಾರಿಯಾದಾಗ ಕುಡಿಕಿಡಪ್ಪುಕಾರರಿಗೆ, ಅಂದರೆ ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿ ಕೂತವರಿಗೆ, ಪಂಚಾಯತಿನಲ್ಲಿ 10 ಸೆಂಟು, ನಗರಸಭೆಯಲ್ಲಿ 5 ಸೆಂಟು ಕೊಳ್ಳುವ ಹಕ್ಕು ಬಂತು. ಅಜ್ಜನಿಗೆ ಆ ಹತ್ತು ಸೆಂಟು ಸಾಕಿತ್ತು. ಅಜ್ಜನಿಗೆ ಐದು ಮಕ್ಕಳು, ಅವರಿಗೆ ಹನ್ನೆರಡು ಮೊಮ್ಮಕ್ಕಳು ಎಂದರೆ ತಲೆಗೆ ಒಂದು ಸೆಂಟೂ ಇಲ್ಲ. ಮೊಮ್ಮಕ್ಕಳು ಬಾಡಿಗೆಗೆ ಹೊರಟರು. ಹತ್ತು ಸೆಂಟು ಮಾತ್ರ ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತದೆ, ಭಾಗಪತ್ರ ಆಗಿರುವುದಿಲ್ಲ. ಕುಟುಂಬದೊಳಗಿನ ಭಾಗಪತ್ರಕ್ಕೆ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ. ಹೊಸ ಜಾಗ ಹುಡುಕುವ ಮೊದಲು ಹಳೆಯದರಲ್ಲಿ ನಮ್ಮ ಪಾಲು ಏನೆಂದು ನೋಡಬೇಕು.

ಈಗ ಒಬ್ಬ ಬೀಡಿ ಕಟ್ಟುವ ಅಕ್ಕನನ್ನು ಕಣ್ಣೆದುರು ತಂದುಕೊಳ್ಳಿ. ಉಪ್ಪಳದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸು. ಗಂಡ ಕೂಲಿಗೆ ಹೋಗುತ್ತಾನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಈ ನಾಲ್ವರ ಹೆಸರು ಪೈವಳಿಕೆಯಲ್ಲಿರುವ ಭಾವನ ರೇಷನ್ ಕಾರ್ಡಿನಲ್ಲಿದೆ. ಭಾವನಿಗೆ ಹಂಚಿನ ಮನೆ ಇದೆ. ಲೈಫ್ ಯೋಜನೆಯ ಲೆಕ್ಕದಲ್ಲಿ ಒಂದು ರೇಷನ್ ಕಾರ್ಡು ಎಂದರೆ ಒಂದು ಕುಟುಂಬ. ಅಕ್ಕ ಅರ್ಜಿ ಹಾಕಿದರೆ ಬರುವ ಉತ್ತರ: ಕುಟುಂಬಕ್ಕೆ ಮನೆ ಇದೆ. ಅರ್ಜಿ ಬಿತ್ತು.

ಅಧಿಕಾರಿಯನ್ನು ದೂರಿ ಏನೂ ಆಗದು. ಕಾರ್ಡು ಬೇರೆ ಮಾಡಿಸಬೇಕು, ಅದೂ ಪಟ್ಟಿಗೆ ಅರ್ಜಿ ಕರೆಯುವ ಮೊದಲೇ. ಅರ್ಜಿ ಕರೆದ ಮೇಲೆ ಮಾಡಿಸಿದ ಕಾರ್ಡನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಉಂಟು. ಕ್ವಾರ್ಟರ್ಸಿನ ಯಜಮಾನರು ಬಾಡಿಗೆ ಕರಾರು ಬರೆದುಕೊಡಲು ಹಿಂದೇಟು ಹಾಕುತ್ತಾರೆ. ನಾಳೆ ಇವರು ಜಾಗ ಬಿಡದಿದ್ದರೆ ಎಂಬ ಹೆದರಿಕೆ ಅವರಿಗೆ. ಹಾಗಿದ್ದಾಗ ವಾರ್ಡು ಮೆಂಬರರನ್ನು ಕಂಡು ಪಂಚಾಯತಿನಿಂದ ವಾಸಸ್ಥಳದ ಸರ್ಟಿಫಿಕೇಟು ಕೇಳಿ, ಅದನ್ನು ಹಿಡಿದು ಸರ್ಕಾರಿ ಅರ್ಜಿ ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಕಾರ್ಡಿನಲ್ಲಿರುವ ಹೆಸರು, ಆಧಾರ್ ಕಾರ್ಡಿನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಮೂರೂ ಅಕ್ಷರ ಅಕ್ಷರ ಒಂದೇ ಇರಲಿ. ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗುವಾಗ ಒಂದೊಂದು ಕಡೆ ಒಂದೊಂದು ರೂಪ ತಾಳುತ್ತದೆ, ದುಡ್ಡು ಖಾತೆಗೆ ಬರುವ ಹೊತ್ತಿಗೆ ಅದು ಅಡ್ಡ ನಿಲ್ಲುತ್ತದೆ.

ಅಕ್ಕನಿಗೆ ಈಗ ಕಾರ್ಡಾಯಿತು. ಮುಂದಿನದು ಜಾಗ. ಒಬ್ಬ ದಲ್ಲಾಳಿ ಬಂದು ಐದು ಸೆಂಟು ತೋರಿಸುತ್ತಾನೆ. ಸಮತಟ್ಟು, ಮಣ್ಣು ತುಂಬಿಸಿ ಎತ್ತರಿಸಿದ್ದು, ನಾಲ್ಕು ತೆಂಗು, ಆಚೀಚೆಯ ದರಕ್ಕಿಂತ ಅಗ್ಗ. ಇಲ್ಲಿ ಸ್ವಲ್ಪ ನಿಲ್ಲೋಣ. ಜಾಗದ ತೀರ್ವೆ, ಅಂದರೆ ಭೂಕಂದಾಯದ, ರಶೀದಿ ಕೇಳಿ ಪಡೆಯಿರಿ, ವಿಲೇಜ್ ಆಫೀಸಿನಲ್ಲಿ ಆ ಸರ್ವೆ ನಂಬರಿಗೆ ಮೂಲ ತೆರಿಗೆ ರಿಜಿಸ್ಟರಿನಲ್ಲಿ ಏನು ಬರೆದಿದೆ ನೋಡಿ. ಅಲ್ಲಿ ಮಲಯಾಳದಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಶಬ್ದ ಇರುತ್ತದೆ: ‘ಪುರಯಿಡಂ’ ಅಥವಾ ‘ನಿಲಂ’. ಯಾರಾದರೂ ‘ನಿಲಂ’ ಎಂದು ಓದಿ ಹೇಳಿದರೆ ಕನ್ನಡದ ಕಿವಿಗೆ ಅದು ‘ನೆಲ’ ಎಂದು ಕೇಳುತ್ತದೆ. ಹೌದಲ್ಲ, ನೆಲವೇ ತಾನೆ, ಎಂದು ತಲೆ ಅಲ್ಲಾಡಿಸುತ್ತೇವೆ. ರೆವಿನ್ಯೂ ಮಲಯಾಳದಲ್ಲಿ ನಿಲಂ ಎಂದರೆ ಗದ್ದೆ. ಮನೆ ಕಟ್ಟುವ ಹಿತ್ತಿಲು ಜಾಗಕ್ಕೆ ಅವರು ಹೇಳುವುದು ಪುರಯಿಡಂ. ಈ ಒಂದು ಶಬ್ದ ತಿಳಿಯದೆ ಇಡೀ ಜನ್ಮದ ಉಳಿತಾಯವನ್ನು ಗದ್ದೆಗೆ ಸುರಿಯಬೇಕಾದೀತು. ತೆಂಗಿನ ಮರ ನೋಡಿ ಮೋಸಹೋಗಬೇಡಿ, ದಾಖಲೆಗೆ ಮರ ಕಾಣುವುದಿಲ್ಲ.

2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗದ್ದೆಗಳ ಪಟ್ಟಿಯನ್ನು ಡೇಟಾ ಬ್ಯಾಂಕ್ ಎಂದು ಮಾಡಿಟ್ಟಿದ್ದಾರೆ. ಸರ್ವೆ ನಂಬರು ಅದರಲ್ಲಿ ಸೇರಿದ್ದರೆ ಪಂಚಾಯತು ಸಾಮಾನ್ಯವಾಗಿ ಮನೆಗೆ ಪರ್ಮಿಟು ಕೊಡುವುದಿಲ್ಲ. ತಪ್ಪಿ ಸೇರಿದ್ದರೆ ತೆಗೆಸಲು ಫಾರ್ಮ್ 5, ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ರಿಜಿಸ್ಟರಿನಲ್ಲಿ ಮಾತ್ರ ನಿಲಂ ಎಂದಿದ್ದರೆ ಸ್ವಭಾವ ಬದಲಿಸಲು ಫಾರ್ಮ್ 6. ಎರಡೂ ಆರ್‌ಡಿಒ, ಅಂದರೆ ಕಂದಾಯ ವಿಭಾಗಾಧಿಕಾರಿಯ, ಇಲ್ಲವೇ ಡೆಪ್ಯುಟಿ ಕಲೆಕ್ಟರರ ಕಚೇರಿಯ ಕೆಲಸ, ಕಾಯುವ ಕೆಲಸ. ಆ ಕಾಯುವ ಕಷ್ಟ ಮಾರುವವನದ್ದಾಗಲಿ. ಮಾಡಿಸಿಕೊಟ್ಟ ಮೇಲೆ ಮಾತ್ರ ಕೊಳ್ಳುತ್ತೇವೆ ಎಂದು ಗಟ್ಟಿಯಾಗಿ ಹೇಳಿ.

ಈ ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ‘ಆಧಾರ ತನ್ನಿ’ ಎಂದರೆ ಆಧಾರ್ ಕಾರ್ಡು ಹಿಡಿದು ಬರುವವರು ಇದ್ದಾರೆ, ನಗಬೇಡಿ, ಅವರ ತಪ್ಪೇನಿದೆ? ಇಲ್ಲಿ ಆಧಾರ ಎಂದರೆ ಜಾಗದ ದಸ್ತಾವೇಜು, ಮುನ್ನಾಧಾರ ಎಂದರೆ ಅದರ ಹಿಂದಿನದು, ಪೋಕ್ಕುವರವು ಎಂದರೆ ಖಾತೆ ಬದಲಾವಣೆ, ಕೈವಶ ಸರ್ಟಿಫಿಕೇಟು ಎಂದರೆ ಜಾಗ ನಮ್ಮ ಸ್ವಾಧೀನದಲ್ಲಿದೆ ಎನ್ನುವ ಪತ್ರ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಯಾರೂ ಹೊಸದಾಗಿ ದಯಪಾಲಿಸಬೇಕಾದ್ದಿಲ್ಲ. ಅರ್ಜಿ ಕನ್ನಡದಲ್ಲಿ ಬರೆಯಿರಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಆಧಾರ ಬರೆಯುವವರು ಕರಡು ಮಲಯಾಳದಲ್ಲಿ ಕೊಟ್ಟಾಗ ಓದಲು ಬರುವ ಮಗಳನ್ನೋ ನೆರೆಯವರನ್ನೋ ಪಕ್ಕದಲ್ಲಿ ಕೂರಿಸಿ ಪ್ರತಿ ಸಾಲು ಓದಿಸಿ ಕೇಳಿ. ಅದರಲ್ಲೂ ಕೊನೆಯ ಪಟ್ಟಿ: ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಗಡಿ. ವಿಸ್ತೀರ್ಣ ಆರ್ ಲೆಕ್ಕದಲ್ಲಿರುತ್ತದೆ. ಐದು ಸೆಂಟು ಎಂದರೆ 2.02 ಆರ್, 2,178 ಚದರಡಿ. ‘ಸುಮಾರು ಐದು ಸೆಂಟು’ ಎಂಬ ಮಾತಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆಯಿಲ್ಲ. ದಾರಿಯೂ ಆ ಪಟ್ಟಿಯಲ್ಲೇ ಬರಬೇಕು. ಈಗ ಪಕ್ಕದ ತೋಟದ ಬದುವಿನಲ್ಲಿ ನಡೆದು ಹೋಗುತ್ತೇವೆ, ಯಾರೂ ಬೇಡ ಎನ್ನುವುದಿಲ್ಲ. ನಾಳೆ ಆ ತೋಟ ಮಾರಾಟವಾಗಿ ಬೇಲಿ ಬಿದ್ದರೆ? ಮುರಕಲ್ಲಿನ ಲಾರಿ ಎಲ್ಲಿ ನಿಲ್ಲಬೇಕು? ರಸ್ತೆಯಿಂದ ಜಾಗದವರೆಗೆ ಕಲ್ಲು ತಲೆಹೊರೆಯಲ್ಲಿ ಹೊರಿಸಿದರೆ ಆ ಕೂಲಿಯನ್ನು ಯಾವ ಯೋಜನೆಯೂ ಕೊಡದು. ದಾರಿಯ ಅಗಲ ಮೀಟರಿನಲ್ಲಿ, ಯಾರ ಜಾಗದ ಮೂಲಕ ಎಂಬುದರ ಸಮೇತ, ಅಕ್ಷರದಲ್ಲಿ ಬರೆಸಿ.

ನೀರೂ ಹಾಗೆಯೇ. ಶೌಚದ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಏಳೂವರೆ ಮೀಟರು, ಅಂದರೆ ಹೆಚ್ಚುಕಡಿಮೆ 25 ಅಡಿ ಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ನೆರೆಮನೆಯ ಬಾವಿಯೂ ಲೆಕ್ಕಕ್ಕೆ ಬರುತ್ತದೆ. 36 ಅಡಿ ಅಗಲ, 60 ಅಡಿ ಉದ್ದದ ಜಾಗಕ್ಕೆ ಎರಡೂ ಬದಿಯಲ್ಲಿ ಗಡಿಗೆ ತಾಗಿ ಬಾವಿಗಳಿದ್ದರೆ ಗುಂಡಿಗೆ ಸ್ಥಳ ಹುಡುಕುವುದೇ ಕಷ್ಟ. ಅಡ್ವಾನ್ಸು ಕೊಡುವ ಮೊದಲು ಟೇಪು ಹಿಡಿದು ಅಳೆಯಿರಿ.

ಮತ್ತೆ ಅಡ್ವಾನ್ಸಿನ ಕರಾರು. ಅದು ಜಾಗ ನಿಮ್ಮದೆಂದು ಹೇಳುವ ಕಾಗದವಲ್ಲ, ಕ್ರಯ ರಿಜಿಸ್ಟರ್ ಆದ ದಿನವೇ ಜಾಗ ನಿಮ್ಮದು. ಕರಾರಿಗೆ ಮೊದಲು ಮೂವತ್ತು ವರ್ಷದ ಬಾಧ್ಯತಾ ಸರ್ಟಿಫಿಕೇಟು ತೆಗೆಸಿ, ಅಡವು, ಜಪ್ತಿ ಏನಿದೆ ನೋಡಿ. 2024ರಲ್ಲಿ ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರಿನಲ್ಲೇ ‘ಎಂಡೆ ಭೂಮಿ’ ಪೋರ್ಟಲು ಮೊದಲು ಶುರುವಾದದ್ದು ನಿಮಗೆ ಗೊತ್ತಿದೆ. ರೆವಿನ್ಯೂ, ರಿಜಿಸ್ಟ್ರೇಷನ್, ಸರ್ವೆ ಮೂರನ್ನೂ ಒಂದೆಡೆ ತರುವ ಕೆಲಸ ಅದು. ರೀಸರ್ವೆ ಮುಗಿದ ಗ್ರಾಮದಲ್ಲಿ ಹಳೆಯ ನಂಬರು, ಹೊಸ ನಂಬರು ಎರಡನ್ನೂ ತಾಳೆ ನೋಡಲು ಮರೆಯಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಾಲದ ಮಾತನ್ನು ಬೇಗ ಹೇಳುತ್ತೇನೆ.

ಕೇರಳದಲ್ಲಿ ಕ್ರಯಕ್ಕೆ ಮುದ್ರಾಂಕ 8 ಶೇಕಡ, ರಿಜಿಸ್ಟ್ರೇಷನ್ 2 ಶೇಕಡ. ಹತ್ತು ಲಕ್ಷದ ಹಳೆ ಮನೆ ಕೊಂಡರೆ ಒಂದು ಲಕ್ಷ ಅಲ್ಲಿಗೇ ಹೋಯಿತು. ಬ್ಯಾಂಕು 30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ 90 ಶೇಕಡದವರೆಗೆ ಕೊಡಬಹುದು, ಆದರೆ ಈ ಮುದ್ರಾಂಕದ ಖರ್ಚನ್ನು ಬೆಲೆಗೆ ಸೇರಿಸುವುದಿಲ್ಲ. ಅಂದರೆ ಸಾಲ 9 ಲಕ್ಷ, ಕೈಯಿಂದ 2 ಲಕ್ಷ. ಆದರೆ ಮನೆಯ ಬೆಲೆ 10 ಲಕ್ಷ ಮೀರದಿದ್ದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಲು ರಿಸರ್ವ್ ಬ್ಯಾಂಕು ಅನುಮತಿಸಿದೆ. ಆಗ 11 ಲಕ್ಷದ 90 ಶೇಕಡ, 9 ಲಕ್ಷ 90 ಸಾವಿರ. ಕೈಯಿಂದ ಹಾಕಬೇಕಾದ್ದು 1 ಲಕ್ಷ 10 ಸಾವಿರ. ಇದನ್ನು ಕೌಂಟರಿನಲ್ಲಿ ನೀವೇ ಬಾಯಿಬಿಟ್ಟು ಕೇಳಬೇಕು.

ಕಂತಿನ ಅಂದಾಜು ಬೇಕೆಂದರೆ, 5 ಲಕ್ಷವನ್ನು 9 ಶೇಕಡ ಬಡ್ಡಿಗೆ 15 ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 5,070 ರೂಪಾಯಿ. ಸಂಬಳ ಚೀಟಿ ಇಲ್ಲದ ಬೀಡಿ, ಮೀನು, ಹೊಲಿಗೆ ಕೆಲಸದವರು ಸಂಪಾದನೆಯನ್ನು ಒಂದು ವರ್ಷವಾದರೂ ತಪ್ಪದೆ ಖಾತೆಗೆ ಹಾಕಿ ತೆಗೆಯಿರಿ, ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಸಾಲವನ್ನು ಹೊತ್ತಿಗೆ ಸರಿಯಾಗಿ ಕಟ್ಟಿ. ನಗರಸಭೆಯೊಳಗೆ ಇರುವವರಿಗೆ ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆ, ಅಂದರೆ ಪಿಎಂಎವೈ ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ: 35 ಲಕ್ಷದೊಳಗಿನ ಮನೆ, 25 ಲಕ್ಷದೊಳಗಿನ ಸಾಲ, ಸಿಗುವುದು ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು.

ಲೈಫಿನ 4 ಲಕ್ಷದ ಬಗ್ಗೆ ಒಂದೇ ಮಾತು. ಅದು ಸುಮಾರು 400 ಚದರಡಿಯ ಮನೆಗೆ ಕೊಡುವ ಹಣ, ಕೆಲಸ ಆದ ಹಾಗೆ ಕಂತಿನಲ್ಲಿ ಬರುತ್ತದೆ. ಮುಂದೆ ದೊಡ್ಡದು ಮಾಡುವ ಎಂದು 700 ಚದರಡಿಗೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿದವರ ಮನೆ ಲಿಂಟಲಿಗೆ ನಿಲ್ಲುತ್ತದೆ. ಈಗಿನ ಹಂತ ಮುಗಿಯದೆ ಮುಂದಿನ ಕಂತಿಲ್ಲ, ಕಂತಿಲ್ಲದೆ ಹಂತ ಮುಗಿಯದು. ಪಂಚಾಂಗ ಜನವರಿಯೊಳಗೆ, ಮಾಡಿನ, ಅಂದರೆ ಛಾವಣಿಯ, ಕಾಂಕ್ರೀಟು ಏಪ್ರಿಲಿನೊಳಗೆ ಆಗಲಿ. ಜೂನಿನ ಮಳೆಗೆ ಮಾಡಿಲ್ಲದ ಮುರಕಲ್ಲಿನ ಗೋಡೆ ನೆನೆಯುತ್ತ ನಿಲ್ಲಬಾರದು.

ಕೊರಗ ಬುಡಕಟ್ಟಿನ ಕುಟುಂಬಗಳ ಜಾಗದ ವಿಷಯಕ್ಕೇ ಒಂದು ಇಡೀ ಸಂಜೆ ಬೇಕು. 2024ರಲ್ಲಿ ಸರ್ಕಾರ ಪರಿಶಿಷ್ಟರ ವಸತಿಗಳಿಗಿದ್ದ ‘ಕಾಲನಿ’ ಎಂಬ ಹೆಸರನ್ನು ಬಿಡಿಸಿತು, ಒಳ್ಳೆಯದೇ. ಹೆಸರಿನ ಜೊತೆಗೆ ಪ್ರತಿ ಮನೆಗೂ ಬೇರೆ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಕೈಗೆ ಬರಬೇಕು, ಪಟ್ಟಯ ಇಲ್ಲದ ಕಡೆ ಇಂಥ ಬುಡಕಟ್ಟುಗಳಿಗಿರುವ ಕೇಂದ್ರದ ಯೋಜನೆ ಪಿಎಂ ಜನಮನದ 2 ಲಕ್ಷವೂ ತಡೆದು ನಿಲ್ಲುವ ಭಯವಿದೆ. ಅದನ್ನು ಬೇರೆಯೇ ಕೂತು ಮಾತಾಡೋಣ.

ಹೊರಗೆ ಜಗಲಿಯಲ್ಲಿ ಎರಡು ಮೇಜು ಹಾಕಿದ್ದಾರೆ. ರೇಷನ್ ಕಾರ್ಡು ತಂದವರು ಬಲಗಡೆಗೆ ಬನ್ನಿ, ಹೆಸರು ಯಾರ ಜೊತೆಗಿದೆ ಎಂದು ಮೊದಲು ನೋಡುವ. ತೀರ್ವೆ ರಶೀದಿ, ಆಧಾರ ತಂದವರು ಎಡಗಡೆ ಕೂರಿ, ಮಲಯಾಳ ಓದುವ ಮೂವರು ಹುಡುಗಿಯರು ಅಲ್ಲಿದ್ದಾರೆ.