ಕಾಗದದಲ್ಲಿ ಕಾಯಿಲೆ, ಅಂಚೆಯಲ್ಲಿ ಮದ್ದು

ಕೇಳುಗರಿಗೆ ನಮಸ್ಕಾರ.

ವೈದ್ಯರು "ಏನು ತೊಂದರೆ?" ಎಂದು ಕೇಳಿದಾಗ ನೀವು ಏನು ಹೇಳುತ್ತೀರಿ? ನನ್ನ ಮುಂದೆ ಬಂದು ಕೂರುವವರಲ್ಲಿ ಅನೇಕರು ಪರೀಕ್ಷೆಗಳ ಕಡತವನ್ನು ಮೇಜಿನ ಮೇಲಿಟ್ಟು, "ಎಲ್ಲ ಇದರಲ್ಲಿದೆ, ನೀವೇ ನೋಡಿ" ಎನ್ನುತ್ತಾರೆ. ಎಲ್ಲವೂ ಅದರಲ್ಲಿ ಇರುವುದಿಲ್ಲ. ಉಸಿರು ಕಟ್ಟುವುದು ಮೆಟ್ಟಿಲು ಹತ್ತುವಾಗಲೋ, ಅಂಗಾತ ಮಲಗಿದಾಗಲೋ ಎಂಬುದು ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಗುವುದಿಲ್ಲ. ಅದನ್ನು ನೀವೇ ಹೇಳಬೇಕು. ಹೇಳುವಾಗ ಮರೆತುಹೋಗುತ್ತದೆ ಎಂದಾದರೆ ಬರೆದುಕೊಂಡು ಬರಬೇಕು. ಇಂದು ನಾನು ಹೇಳಬೇಕೆಂದಿರುವ ಮಾತು ಅದೊಂದೇ: ಬರೆದುಕೊಂಡು ಬನ್ನಿ. ಏಕೆ ಎಂದು ತಿಳಿಸಲು ನಿಮ್ಮನ್ನು ಸುಮಾರು ಇನ್ನೂರೈವತ್ತು ವರ್ಷ ಹಿಂದಕ್ಕೆ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರಕ್ಕೆ ಕರೆದೊಯ್ಯುತ್ತೇನೆ.

ಅಲ್ಲಿ ವಿಲಿಯಂ ಕಲನ್ ಎಂಬ ವೈದ್ಯರಿದ್ದರು. 1755ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದವರು, 1790ರಲ್ಲಿ ತೀರಿಕೊಳ್ಳುವವರೆಗೂ ಅಂಚೆಯ ಮೂಲಕ ರೋಗಿಗಳಿಗೆ ಸಲಹೆ ಕೊಟ್ಟರು. ಹಳ್ಳಿಯ ಜಮೀನ್ದಾರರು ಬರೆಯುತ್ತಿದ್ದರು, ಪಾದ್ರಿಗಳು ಬರೆಯುತ್ತಿದ್ದರು. ಮಗಳ ಕೆಮ್ಮಿನ ಬಗ್ಗೆ ತಂದೆ, ಹೆಂಡತಿಯ ತಲೆನೋವಿನ ಬಗ್ಗೆ ಗಂಡ, ಕೈಮೀರಿದ ರೋಗಿಯ ಬಗ್ಗೆ ಊರಿನ ವೈದ್ಯ ಬರೆಯುತ್ತಿದ್ದರು. ಇವರಲ್ಲಿ ಎಷ್ಟೋ ಮಂದಿ ಕಲನ್ನರ ಮುಖವನ್ನೇ ಕಂಡವರಲ್ಲ. ಅವರಿಗೆ ಬಂದ ಮತ್ತು ಅವರು ಬರೆದ 5,000ಕ್ಕೂ ಹೆಚ್ಚು ಪತ್ರಗಳನ್ನು ಆ ಊರಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ.

ನಾಡಿ ಹಿಡಿಯದೆ, ಮುಖ ನೋಡದೆ ಎಂಥ ಚಿಕಿತ್ಸೆ ಎಂದು ನೀವು ಕೇಳಬಹುದು. ಆ ಕಾಲದ ವೈದ್ಯರ ಕೈಯಲ್ಲಿ ಏನಿತ್ತು ಎಂಬುದನ್ನು ನೆನಪಿಡಿ. ಸ್ಟೆತಾಸ್ಕೋಪ್ ಬಂದದ್ದು 1816ರಲ್ಲಿ. ರಕ್ತದೊತ್ತಡ ಅಳೆಯುವ ತೋಳುಪಟ್ಟಿ ಬಂದದ್ದು 1896ರಲ್ಲಿ. ಎಕ್ಸ್‌ರೇ, ರಕ್ತಪರೀಕ್ಷೆಗಳ ಮಾತೇ ಇಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರೂ ನಾಡಿ, ನಾಲಗೆ, ಮೂತ್ರ ನೋಡಿ, ಉಳಿದದ್ದನ್ನೆಲ್ಲ ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕಿತ್ತು. ಆ ಕಥೆ ಅಚ್ಚುಕಟ್ಟಾಗಿ ಕಾಗದದಲ್ಲಿ ಬಂದರೆ ವೈದ್ಯರಿಗೆ ಬೇಕಾದ ಬಹುಪಾಲು ಬಂದಂತೆಯೇ. ಹಾಗಾಗಿ ಜನ ಬರೆಯಲು ಕಲಿತರು. ನೋಡಿದ್ದನ್ನು ನೋಡಿದಂತೆ, ನಡೆದ ಕ್ರಮದಲ್ಲಿ ಬರೆಯಲು ಕಲಿತರು.

ಅಂಥ ಒಂದು ಪತ್ರದ ಕಥೆ ಹೇಳುತ್ತೇನೆ. ವೈದ್ಯ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವ ಕಥೆ ಇದು.

ಇಂಗ್ಲಿಷ್ ಭಾಷೆಗೆ ದೊಡ್ಡ ನಿಘಂಟು ಕೊಟ್ಟ ಸಾಮ್ಯುಯೆಲ್ ಜಾನ್ಸನ್ ಅವರ ಹೆಸರು ನೀವು ಕೇಳಿರುತ್ತೀರಿ. 1783ರ ಜೂನ್ ತಿಂಗಳ ಒಂದು ರಾತ್ರಿ ಲಂಡನ್ನಿನ ತಮ್ಮ ಮನೆಯಲ್ಲಿ ಎಚ್ಚರವಾದಾಗ ಅವರ ತಲೆಯಲ್ಲಿ ಏನೋ ಗೊಂದಲ. ಬುದ್ಧಿಗೆ ಏನಾದರೂ ಆಗಿದೆಯೋ ಎಂದು ತಿಳಿಯಲು ಮನಸ್ಸಿನಲ್ಲೇ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಾರ್ಥನಾ ಪದ್ಯ ಕಟ್ಟಿದರು. ಪದ್ಯ ಅಷ್ಟೇನೂ ಚೆನ್ನಾಗಿರಲಿಲ್ಲ. ಚೆನ್ನಾಗಿಲ್ಲ ಎಂಬುದು ತಮಗೆ ಗೊತ್ತಾಯಿತು, ಆದ್ದರಿಂದ ಬುದ್ಧಿ ಸರಿಯಿದೆ ಎಂದು ತೀರ್ಮಾನಿಸಿದರು! ಆದರೆ ಮಾತು ನಿಂತುಹೋಗಿತ್ತು. ಲಕ್ವ ಹೊಡೆದಿತ್ತು. ಬೆಳಿಗ್ಗೆ ನೆರೆಯವರಿಗೆ ಚೀಟಿ ಬರೆಯಲು ಕುಳಿತರೆ ಕೈ ತಾನಾಗಿ ತಪ್ಪು ಅಕ್ಷರಗಳನ್ನು ಮೂಡಿಸುತ್ತಿತ್ತು. ಇಷ್ಟನ್ನೂ ಎರಡೇ ದಿನದಲ್ಲಿ ಅವರು ಸ್ನೇಹಿತೆಗೆ ಪತ್ರದಲ್ಲಿ ಬರೆದರು. ತನ್ನ ಲಕ್ವವನ್ನು ತಾನೇ ಇಷ್ಟು ಹತ್ತಿರದಿಂದ ಗಮನಿಸಿ ಬರೆದಿಟ್ಟ ರೋಗಿ ನನಗೆ ಬೇರೆ ಗೊತ್ತಿಲ್ಲ.

ಮಾತು ಮರಳಿತು. ಆದರೆ ಆ ಚಳಿಗಾಲದಲ್ಲಿ ಉಬ್ಬಸ ಹಿಡಿಯಿತು, ಕಾಲು ಊದಿಕೊಂಡಿತು. 1784ರ ಫೆಬ್ರವರಿಯಲ್ಲಿ ಎಡಿನ್‌ಬರೊದಲ್ಲಿದ್ದ ಗೆಳೆಯ ಜೇಮ್ಸ್ ಬಾಸ್ವೆಲ್ ಅವರಿಗೆ, ನಿಮ್ಮ ಊರಿನ ವೈದ್ಯರನ್ನು ನನ್ನ ಕಾಯಿಲೆಯ ಬಗ್ಗೆ ಕೇಳಿ ಎಂದು ಬರೆದರು. ಸಾವೆಂದರೆ ತಮಗೆ ತುಂಬಾ ಭಯ ಎಂಬುದನ್ನೂ ಮುಚ್ಚಿಡಲಿಲ್ಲ.

ಬಾಸ್ವೆಲ್ ವಕೀಲರು, ವೈದ್ಯರಲ್ಲ. ಇದನ್ನು ಗಮನಿಸಿ. ಮಾರ್ಚ್ 7ರಂದು ಅವರು ಎಡಿನ್‌ಬರೊದ ಮೂವರು ಪ್ರಾಧ್ಯಾಪಕರಿಗೆ, ಅಂದರೆ ಕಲನ್, ಹೋಪ್ ಮತ್ತು ಮನ್ರೊ ಅವರಿಗೆ, ಒಂದೇ ಒಕ್ಕಣೆಯ ಪತ್ರ ಬರೆದರು. ಪತ್ರದಲ್ಲಿ ಏನಿದೆ ಕೇಳಿ. ಮೊದಲು ವಯಸ್ಸು, 74. ಆಮೇಲೆ ಹಿಂದಿನ ಕಾಯಿಲೆಗಳು: ಕಳೆದ ಬೇಸಿಗೆಯಲ್ಲಿ ಲಕ್ವ, ಬಹುಮಟ್ಟಿಗೆ ಗುಣವಾಗಿದೆ, ಅದಕ್ಕೂ ಮೊದಲು ಕಫದ ಕೆಮ್ಮು. ಈಗಿನ ತೊಂದರೆ ಉಬ್ಬಸ, ಮನೆಬಿಟ್ಟು ಹೊರಬಾರದೆ ಸುಮಾರು ಮೂರು ತಿಂಗಳು. ಯಾವಾಗ ಹೆಚ್ಚುತ್ತದೆ? ಸ್ವಲ್ಪ ಥಂಡಿ ತಗುಲಿದರೂ ಎದೆ ಬಿಗಿಯುತ್ತದೆ, ಮಲಗಲು ಆಗುವುದಿಲ್ಲ, ರಾತ್ರಿಯಿಡೀ ಕುಳಿತೇ ಇರಬೇಕು. ನಿದ್ದೆ ಬರುವುದು ಅಫೀಮಿನ ದ್ರಾವಣ ಮತ್ತು ಗಸಗಸೆ ಗಿಡದ ಪಾಕ ಕುಡಿದಾಗ ಮಾತ್ರ. ಕಾಲು, ತೊಡೆಗಳಲ್ಲಿ ನೀರಿನ ಬಾವು. ಈಗಿನ ವೈದ್ಯರು ಬೆಚ್ಚನೆಯ ಹವೆಗಾಗಿ ಕಾಯುತ್ತಿದ್ದಾರೆ. ಬಿಸಿಲಿನ ದೇಶಕ್ಕೆ ಹೋದರೆ ಒಳ್ಳೆಯದೆಂದು ರೋಗಿಗೇ ಅನಿಸುತ್ತಿದೆ. ಸದ್ಯ ಸ್ಕ್ವಿಲ್ ಎಂಬ ಗೆಡ್ಡೆಯ ಮದ್ದನ್ನು ವಿನೆಗರ್‌ನಲ್ಲಿ ಕೊಡುತ್ತಿದ್ದಾರೆ. ಈ ಗೆಡ್ಡೆ ನಮ್ಮ ಕಾಡು ಈರುಳ್ಳಿಯ ಹತ್ತಿರದ ನೆಂಟ.

ಪತ್ರದ ಕಾಯಿಲೆಯ ಭಾಗ ಇಷ್ಟೇ, ಹಾಳೆಯೊಂದರಲ್ಲಿ ಹಿಡಿಯುವಷ್ಟು. ಇಂದು ಯಾವುದೇ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಇದನ್ನು ಓದಿದರೂ "ಮಲಗಿದರೆ ಉಸಿರು ಕಟ್ಟುತ್ತದೆ, ಕಾಲಿನಲ್ಲಿ ನೀರು" ಎಂಬೆರಡು ಸಾಲಿಗೆ ಪೆನ್ನಿನಿಂದ ಗೆರೆ ಎಳೆದು "ಹೃದಯ" ಎನ್ನುತ್ತಾನೆ. ಅದೇ ವರ್ಷ ಡಿಸೆಂಬರ್ 13ರಂದು ಜಾನ್ಸನ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಹೃದಯ ಬಹಳ ದೊಡ್ಡದಾಗಿತ್ತು. ಶ್ವಾಸಕೋಶಗಳು, ಎದೆ ತೆರೆದಾಗ ಕುಗ್ಗಬೇಕಾದವು, ಗಾಳಿ ತುಂಬಿ ಹಾಗೆಯೇ ನಿಂತಿದ್ದವು. ವಕೀಲರ ಪತ್ರದಲ್ಲಿ ಎರಡರ ಸುಳಿವೂ ಇತ್ತು. ಹೇಗೆ? ಅವರು ಬರೆದುಕೊಂಡಿದ್ದರು. ಕಾಯಿಲೆಯ ಹೆಸರನ್ನು ಊಹಿಸಲು ಹೋಗದೆ ನಡೆದದ್ದನ್ನು ಬರೆದಿದ್ದರು.

ಮೂವರು ಪ್ರಾಧ್ಯಾಪಕರೂ ಆದರದಿಂದ ಉತ್ತರಿಸಿದರು. ಜನರೆಲ್ಲ ಗೌರವಿಸುವ, ತಾವೂ ಗೌರವಿಸುವ ಇಂಥವರಿಗೆ ನೆರವಾಗುವುದು ತಮಗೆ ಅತ್ಯಂತ ಸಂತೋಷ ಎಂದು ಕಲನ್ ಬರೆದರು. ಮದ್ದು ರೋಗವನ್ನು ಗೆಲ್ಲಲಿಲ್ಲ, ನಿಜ. ನೀರು ತುಂಬಿದ ಊತಕ್ಕೆ ಫಾಕ್ಸ್‌ಗ್ಲವ್ ಗಿಡದ ಎಲೆಯನ್ನು ಹೇಗೆ ಕೊಡಬೇಕೆಂದು ವಿಲಿಯಂ ವಿದರಿಂಗ್ ಎಂಬ ವೈದ್ಯರು ವಿವರವಾಗಿ ಪ್ರಕಟಿಸಿದ್ದು ಮರುವರ್ಷ, 1785ರಲ್ಲಿ. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಲನ್ ತಮ್ಮ ಉತ್ತರಗಳ ನಕಲು ಇಟ್ಟುಕೊಳ್ಳುತ್ತಿದ್ದರು. ಮೊದಲು ಲಿಪಿಕಾರರಿಂದ ಬರೆಸುತ್ತಿದ್ದರು. 1781ರಿಂದ, ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟ್ ಅವರೇ ರೂಪಿಸಿದ ನಕಲು ಯಂತ್ರವನ್ನು ತರಿಸಿಕೊಂಡರು. ಶಾಯಿಯ ಪತ್ರದ ಮೇಲೆ ಒದ್ದೆ ಮಾಡಿದ ತೆಳು ಕಾಗದವನ್ನಿಟ್ಟು ಒತ್ತಿದರೆ ಅಕ್ಷರ ಉಲ್ಟಾ ಮೂಡುತ್ತದೆ, ಕಾಗದ ತೆಳುವಾದ್ದರಿಂದ ಹಿಂಬದಿಯಿಂದ ನೇರವಾಗಿ ಓದಬಹುದು. ಆರು ತಿಂಗಳ ಮೇಲೆ ಅದೇ ರೋಗಿ ಮತ್ತೆ ಬರೆದರೆ ಹಿಂದೆ ಏನು ಹೇಳಿದ್ದೆ ಎಂದು ತೆಗೆದು ನೋಡಬಹುದು. ನೀವು ಹಳೆಯ ಔಷಧಿ ಚೀಟಿಗಳನ್ನು ಎಸೆಯುತ್ತೀರಲ್ಲ, ದಯವಿಟ್ಟು ಎಸೆಯಬೇಡಿ.

ನಮ್ಮ ನೆಲದಲ್ಲೂ ಅದೇ ದಶಕದಲ್ಲಿ ಇಂಥದು ನಡೆದಿದೆ. ಟಿಪ್ಪು ಸುಲ್ತಾನರ ಪರ್ಷಿಯನ್ ಭಾಷೆಯ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ದಂಡು, ಸುಂಕಗಳ ವಿಷಯದ ನಡುವೆ, ದೂರದ ಅಧಿಕಾರಿಗಳ ಕಾಯಿಲೆಗೆ ಮದ್ದು ಸೂಚಿಸುವ ಪತ್ರಗಳೂ ಅವುಗಳಲ್ಲಿವೆ. ಅದು ಇನ್ನೊಂದು ಭಾಷಣಕ್ಕೆ ಆಗುವಷ್ಟಿದೆ.

ಕೊನೆಯದಾಗಿ ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ತಿಸ್ಸೊ ಎಂಬ ವೈದ್ಯರು. ಅವರಿಗೆ ಬಂದ ಪತ್ರಗಳೂ ಸಾವಿರಕ್ಕೂ ಹೆಚ್ಚು ಉಳಿದಿವೆ. ಜನಸಾಮಾನ್ಯರಿಗಾಗಿ 1761ರಲ್ಲಿ ಪ್ರಕಟಿಸಿದ ಆರೋಗ್ಯದ ಪುಸ್ತಕದಲ್ಲಿ, ವೈದ್ಯರ ಸಲಹೆ ಕೇಳುವವರು ಉತ್ತರ ಸಿದ್ಧಪಡಿಸಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೇ ಅವರು ಕೊಟ್ಟರು. ಪೆನ್ನು ಹತ್ತಿರವಿದ್ದರೆ ಗುರುತು ಹಾಕಿಕೊಳ್ಳಿ. ವಯಸ್ಸು ಎಷ್ಟು? ಮೊದಲು ಆರೋಗ್ಯವಾಗಿದ್ದರೆ? ಕಾಯಿಲೆ ಎಂದಿನಿಂದ, ಹೇಗೆ ಶುರುವಾಯಿತು? ಜ್ವರ ಇದೆಯೆ? ನೋವು ಎಲ್ಲಿ? ನಿದ್ದೆ, ಹಸಿವು, ಬಾಯಾರಿಕೆ ಹೇಗಿವೆ? ಮಲಮೂತ್ರ ಹೇಗೆ? ಈವರೆಗೆ ಯಾವ ಮದ್ದು ತೆಗೆದುಕೊಂಡಿರಿ, ಅದರಿಂದ ಏನಾಯಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ನಾಟಿ ಮದ್ದು, ಕಷಾಯ, ಅಂಗಡಿಯವರು ಕೊಟ್ಟ ಮಾತ್ರೆ, ಪಕ್ಕದ ಮನೆಯವರದೇ ಉಳಿದಿದ್ದ ಗುಳಿಗೆ, ಯಾವುದನ್ನೂ ಬಿಡಬೇಡಿ. ಬೈಸಿಕೊಳ್ಳಬೇಕಾಗುತ್ತದೆ ಎಂದು ಮುಚ್ಚಿಡಬೇಡಿ. ನಾನಂತೂ ಬೈಯುವುದಿಲ್ಲ, ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಹಾಳೆಯನ್ನಾದರೂ ತನ್ನಿ ಎನ್ನುತ್ತೇನೆ. ಹಾಳೆ ಎಂದರೆ ಮಾತ್ರೆ ಕಿತ್ತ ಮೇಲೆ ಉಳಿಯುವ ತಗಡಿನ ಹಾಳೆ, ಅದರ ಬೆನ್ನ ಮೇಲೆ ಮದ್ದಿನ ಹೆಸರು ಇರುತ್ತದೆ.

ನಮಸ್ಕಾರ.