ಹತ್ತನೆಯ ತರಗತಿಯ ಆಚೆಗೆ ಮೈಯ ತೂಕ

(ವಿಜಯಪುರದ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಗೆ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಪ್ರಾಚಾರ್ಯರೇ, ಅಧ್ಯಾಪಕ ಬಂಧುಗಳೇ, ದೂರದ ಊರುಗಳಿಂದ ಬಂದಿರುವ ತಂದೆ ತಾಯಿಗಳೇ, ಪ್ರೀತಿಯ ವಿದ್ಯಾರ್ಥಿಗಳೇ,

ದೀಪಾವಳಿಯ ರಜೆಗೆಂದು ಹಾಸ್ಟೆಲಿನಿಂದ ಊರಿಗೆ ಹೋದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ತಾಯಿ ಆಡುವ ಮೊದಲ ಮಾತು ಹೆಚ್ಚಾಗಿ ತೂಕದ್ದೇ ಆಗಿರುತ್ತದೆ. ‘ಎಷ್ಟ ಸೊರಗೀಯೋ ಯಪ್ಪಾ’ ಎನ್ನುತ್ತಾಳೆ, ಇಲ್ಲವೇ ‘ಪ್ಯಾಟಿ ನೀರು ಮೈಗೆ ಹತ್ಯಾವ ನೋಡು’ ಎನ್ನುತ್ತಾಳೆ. ವೈದ್ಯನಾಗಿ ನಾನು ಈ ಎರಡೂ ಮಾತುಗಳನ್ನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ದಿನವೂ ಕನ್ನಡಿ ನೋಡಿಕೊಳ್ಳುವವನಿಗೆ ಕಾಣದ ಬದಲಾವಣೆ, ನಾಲ್ಕು ತಿಂಗಳು ಮಗನನ್ನು ನೋಡದಿದ್ದ ತಾಯಿಯ ಕಣ್ಣಿಗೆ ಕಾಣುತ್ತದೆ. ಹದಿನಾರರಿಂದ ಇಪ್ಪತ್ತೈದರವರೆಗಿನ ವಯಸ್ಸಿನಲ್ಲಿ ತೂಕ ಏಕೆ ಬದಲಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿ ಹೇಳಲು ಬಂದಿದ್ದೇನೆ.

ಏರಿದ ತೂಕವೆಲ್ಲ ಕೊಬ್ಬಲ್ಲ ಎಂಬುದನ್ನು ಮೊದಲು ಹೇಳಬೇಕು. ಹೆಣ್ಣುಮಕ್ಕಳ ಎತ್ತರ ಸಾಮಾನ್ಯವಾಗಿ ಹದಿನೈದು ಹದಿನಾರರ ಹೊತ್ತಿಗೆ ನಿಲ್ಲುತ್ತದೆ. ಗಂಡುಮಕ್ಕಳು ಹದಿನೆಂಟರ ಆಸುಪಾಸಿನವರೆಗೂ ಬೆಳೆಯುತ್ತಾರೆ. ಆಮೇಲೆಯೂ ಕೆಲವು ವರ್ಷ ಅವರ ಸ್ನಾಯುಗಳು ತುಂಬಿಕೊಳ್ಳುತ್ತವೆ, ಎಲುಬುಗಳು ಗಟ್ಟಿಯಾಗುತ್ತವೆ. ಎಸ್ಸೆಸ್ಸೆಲ್ಸಿ ಮುಗಿಸುವಾಗ 165 ಸೆಂಟಿಮೀಟರ್ ಎತ್ತರ, 50 ಕಿಲೊ ತೂಕ ಇದ್ದ ಹುಡುಗ ಪದವಿ ಮುಗಿಸುವಾಗ 170 ಸೆಂಟಿಮೀಟರ್ ಎತ್ತರವಾಗಿ 58 ಕಿಲೊ ತೂಗಿದರೆ, ಅದನ್ನು ಬೆಳವಣಿಗೆ ಎಂದು ಕರೆಯಬೇಕು. ಅದನ್ನು ಕಂಡು ಹೆದರಿ ರಾತ್ರಿಯ ಊಟ ಬಿಡುವ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 24ರಷ್ಟು ಮಂದಿ ಅಧಿಕ ತೂಕದವರು. ಅದೇ ವಯಸ್ಸಿನ ಸುಮಾರು ಶೇಕಡಾ 19ರಷ್ಟು ಮಹಿಳೆಯರು ಇರಬೇಕಾದುದಕ್ಕಿಂತ ತೆಳ್ಳಗಿದ್ದಾರೆ. ಒಂದೇ ಓಣಿಯಲ್ಲಿ ಎರಡೂ ಕಷ್ಟಗಳಿವೆ. ಹೀಗಿರುವಾಗ ಎಲ್ಲರಿಗೂ ಒಂದೇ ಸಲಹೆ ಕೊಡುವುದು ತಪ್ಪಾಗುತ್ತದೆ.

‘ವಯಸ್ಸಾದಂತೆ ಮೈಯೊಳಗಿನ ಉರಿ ಕಡಿಮೆಯಾಗುತ್ತದೆ, ಅದಕ್ಕೇ ದಪ್ಪವಾಗುತ್ತೇವೆ’ ಎಂಬ ನಂಬಿಕೆಯೂ ನಮ್ಮಲ್ಲಿದೆ. 2021ರಲ್ಲಿ ಪ್ರಕಟವಾದ, ಹಲವು ದೇಶಗಳ ಸಾವಿರಾರು ಜನರನ್ನು ಅಳೆದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಮೈಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಪ್ಪತ್ತರಿಂದ ಅರವತ್ತರವರೆಗೆ ದೇಹ ಶಕ್ತಿಯನ್ನು ಬಳಸುವ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾಗಿದ್ದರೆ ಇಪ್ಪತ್ತೆರಡರ ಹುಡುಗನ ಸೊಂಟ ಏಕೆ ಹಿಗ್ಗಿತು? ನನ್ನ ಅನುಭವದಲ್ಲಿ, ಅವನ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತ ಹೋದರೆ ಉತ್ತರ ಅಲ್ಲಿಯೇ ಸಿಗುತ್ತದೆ.

ನಿಮ್ಮಲ್ಲಿ ಅನೇಕರು ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ತುಳಿದು ಶಾಲೆಗೆ ಹೋದವರು. ಸಂಜೆ ಕಬಡ್ಡಿ, ಖೊಖೊ, ರಜೆಯಲ್ಲಿ ಹೊಲದ ಕೆಲಸ. ಪಿಯುಸಿಗೆ ಬಂದ ಕೂಡಲೇ ಸೈಕಲ್ಲಿನ ಜಾಗಕ್ಕೆ ಬಸ್ ಪಾಸು ಬಂತು, ಆಮೇಲೆ ಬೈಕು ಬಂತು, ಪದವಿಯ ನಂತರ ಸ್ಪರ್ಧಾತ್ಮಕ ಪರೀಕ್ಷೆಗೆಂದು ಓದುವ ಕೋಣೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತುಕೊಳ್ಳುವುದು ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ 16ರಿಂದ 18ರ ಹುಡುಗನಿಗೆ ದಿನಕ್ಕೆ ಸುಮಾರು 3,320 ಕ್ಯಾಲೊರಿ ಬೇಕು. ಕುಳಿತೇ ಕೆಲಸ ಮಾಡುವ ವಯಸ್ಕನಿಗೆ 2,110 ಸಾಕು. ಬೆಳೆಯುವ ವಯಸ್ಸಿನ ತಾಟನ್ನೇ ಮುಂದೆಯೂ ಉಂಡರೆ ಹೆಚ್ಚಾಗುವುದು ದಿನಕ್ಕೆ ಸುಮಾರು 1,200 ಕ್ಯಾಲೊರಿ. ಸೈಕ್ಲಿಂಗಿಗೆ ಹೆಸರಾದ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಹದಿನೆಂಟರವರೆಗೆ ದಿನವೂ ಹತ್ತಾರು ಕಿಲೊಮೀಟರ್ ತುಳಿದ ಹುಡುಗ ಅಭ್ಯಾಸ ಬಿಟ್ಟ ಮೇಲೂ ಹಸಿವು ಕೆಲಕಾಲ ಹಳೆಯ ಲೆಕ್ಕದಲ್ಲೇ ಕೇಳುತ್ತಿರುತ್ತದೆ. ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಓಡಿದವರೂ ಭರ್ತಿ ಮುಗಿದ ಮೇಲೆ ಅದೇ ದಾರಿ ಹಿಡಿಯುತ್ತಾರೆ.

ಹಾಗೆಂದು ರೊಟ್ಟಿಯನ್ನು ದೂರಬೇಡಿ. ಹಿಂದೆ ಪಟ್ಟಣದಲ್ಲಿ ಓದುವ ಮಕ್ಕಳಿಗೆ ತಾಯಂದಿರು ಬೆಳಗಿನ ಮೊದಲ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಕೆಲವು ಊರುಗಳಿಂದ ಈಗಲೂ ಬರುತ್ತದೆ. ಎಣ್ಣೆ ಹಾಕದ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ, ಮೊಸರು ಇರುವ ಆ ಬುತ್ತಿಗಿಂತ ಒಳ್ಳೆಯ ಊಟವನ್ನು ನಾನು ಬರೆದುಕೊಡಲಾರೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ಎರಡು ಚಮಚೆ, ಅಂದರೆ 10 ಗ್ರಾಂ ಸಕ್ಕರೆ ಹಾಕಿದ ಚಹಾವನ್ನು ದಿನಕ್ಕೆ ಐದು ಸಲ ಕುಡಿದರೆ, ಹಾಲನ್ನು ಬಿಟ್ಟು ಸಕ್ಕರೆಯಿಂದಲೇ 200 ಕ್ಯಾಲೊರಿ ಬರುತ್ತದೆ. ಜನ ರೊಟ್ಟಿ ಎಣಿಸುತ್ತಾರೆ, ಚಹಾ ಎಣಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಗಾಡಿಯ ಮುಂದೆ ನಿಂತು ತಿನ್ನುವ ಎಗ್‌ರೈಸು, ಗೋಬಿಯನ್ನೂ ಎಣಿಸುವುದಿಲ್ಲ. ನಿದ್ದೆಗೆಟ್ಟಾಗ ಹಸಿವು ಹೆಚ್ಚಿಸುವ ಹಾರ್ಮೋನು ಏರುವುದರಿಂದ, ತಡರಾತ್ರಿಯ ಓದು ಮತ್ತು ಗಾಡಿಯ ತಿಂಡಿ ಒಂದನ್ನೊಂದು ಹಿಂಬಾಲಿಸುತ್ತವೆ.

ಅಮೆರಿಕದಲ್ಲಿ ಕಾಲೇಜಿನ ಮೊದಲ ವರ್ಷವೇ 15 ಪೌಂಡ್, ಅಂದರೆ ಸುಮಾರು 6.8 ಕಿಲೊ ಏರುತ್ತದೆ ಎಂಬ ಮಾತು ಬಹಳ ಕಾಲದಿಂದ ಪ್ರಚಾರದಲ್ಲಿದೆ. ವಿದ್ಯಾರ್ಥಿಗಳನ್ನು ತೂಗಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ಒಂದೂವರೆ ಕಿಲೊದ ಆಸುಪಾಸಿನದು. ಒಂದೂವರೆ ಕಿಲೊ ಯಾರನ್ನೂ ಹೆದರಿಸುವುದಿಲ್ಲ. ಆದರೆ ಅದೇ ಏರಿಕೆ ಪ್ರತಿವರ್ಷವೂ ಮುಂದುವರಿದರೆ ಇಪ್ಪತ್ತೈದಕ್ಕೆ ಹತ್ತು ಕಿಲೊ ದಾಟುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಭಾಗದಲ್ಲಿ ಓದು ನಿಲ್ಲಿಸಿದ ಮೇಲೆ ಅನೇಕರಿಗೆ ಬೇಗ ಮದುವೆಯಾಗುತ್ತದೆ, ವರ್ಷದೊಳಗೆ ಬಾಣಂತನವೂ ಬರುತ್ತದೆ. ಮೊಲೆಯೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಹಾಗಾಗಿ ತವರಿನಲ್ಲಿ ಕೊಡುವ ಅಂಟಿನುಂಡೆ, ತುಪ್ಪಗಳಿಗೆ ಅರ್ಥವಿದೆ. ಆದರೆ ಕೂಸು ಮೊಲೆ ಬಿಟ್ಟ ಮೇಲೂ ಊಟ ಅದೇ ಆಗಿದ್ದು, ತನಗೆಂದು ಅರ್ಧ ಗಂಟೆ ನಡೆಯುವ ಬಿಡುವೂ ಸಿಗದೆ, ಎರಡನೆಯ ಬಸಿರು ಬೇಗ ನಿಂತರೆ, ಮೊದಲ ಬಾಣಂತನದಲ್ಲಿ ಏರಿದ ತೂಕ ಇಳಿಯುವ ಮುನ್ನವೇ ಮತ್ತೆ ಏರುತ್ತದೆ. ಇದನ್ನು ಅವಳ ಸೋಮಾರಿತನ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸಂಜೆ ಕೂಸನ್ನು ಎತ್ತಿಕೊಳ್ಳುವವರು ಮನೆಯಲ್ಲಿ ಒಬ್ಬರಿದ್ದರೆ ಅವಳು ನಡೆಯಲು ಹೋಗಬಲ್ಲಳು. ಅತ್ತೆ ಮಾವ ಮತ್ತು ಗಂಡ ಇಲ್ಲಿದ್ದರೆ ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಮುಟ್ಟು ತಿಂಗಳುಗಟ್ಟಲೆ ತಪ್ಪಿ ತೂಕ ಏರುತ್ತಿರುವ ಹುಡುಗಿಯರೂ ನಾಚಿಕೆಪಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ತೂಕ ಇಳಿಯುವುದನ್ನು ನಮ್ಮ ಜನ ಮೆಸ್ಸಿನ ಊಟದ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಚೆನ್ನಾಗಿ ಉಂಡರೂ ಸೊರಗುತ್ತ, ಪದೇಪದೇ ನೀರಡಿಕೆಯಾಗಿ ಮೂತ್ರಕ್ಕೆ ಹೋಗುತ್ತಿದ್ದರೆ ಅಂದೇ ರಕ್ತದ ಸಕ್ಕರೆ ನೋಡಿಸಬೇಕು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ ಜೊತೆಗಿದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೊನೆಗೆ ಅಳತೆ. ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ, ಹದಿನೆಂಟು ದಾಟಿದ ಭಾರತೀಯರಲ್ಲಿ 18.5ರಿಂದ 23ರ ಒಳಗಿದ್ದರೆ ಒಳ್ಳೆಯದು. ನಮ್ಮ ಜನರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ಸುತ್ತಳತೆಯನ್ನೂ ನೋಡಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಟೇಪು ಇಲ್ಲದವರು ತಮ್ಮ ಎತ್ತರದಷ್ಟು ಉದ್ದದ ದಾರವನ್ನು ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಹೊಕ್ಕುಳದ ಮಟ್ಟದಲ್ಲಿ ಸುತ್ತಿ ನೋಡಲಿ. ತುದಿಗಳು ಕೂಡಿದರೆ ಸರಿ. ಆ ದಾರವನ್ನು ಎತ್ತಿಟ್ಟುಕೊಂಡು ಮುಂದಿನ ದೀಪಾವಳಿಗೆ ಮತ್ತೆ ಸುತ್ತಿ ನೋಡಿ.